ವರದೆಯ ನೀರಿನಲ್ಲಿ ಇಂಗಾಲವನ್ನು ಅಳೆದದ್ದು

ವೃತ್ತಿಯಿಂದ ನಾನು ರಸಾಯನಶಾಸ್ತ್ರದ ಉಪನ್ಯಾಸಕ. ಹಾವೇರಿ ತಾಲ್ಲೂಕಿನಲ್ಲಿ ಹರಿಯುವ ವರದಾ ನದಿಯ ನೀರಿನಲ್ಲಿ ಎಷ್ಟು ಇಂಗಾಲ ಸಾಗುತ್ತಿದೆ ಎಂದು ಕೆಲವು ವರ್ಷಗಳಿಂದ ಅಳೆಯುತ್ತಿದ್ದೇನೆ. ಈ ಕೆಲಸಕ್ಕೆ ನನ್ನನ್ನು ಹಚ್ಚಿದ್ದು 2007ರಲ್ಲಿ ಪ್ರಕಟವಾದ ಒಂದು ಜಾಗತಿಕ ಲೆಕ್ಕ. ಅದರ ಪ್ರಕಾರ ನೆಲದಿಂದ ನದಿ, ಕೆರೆ, ಜಲಾಶಯಗಳಿಗೆ ವರ್ಷಕ್ಕೆ ಸುಮಾರು 190 ಕೋಟಿ ಟನ್ ಇಂಗಾಲ ಇಳಿಯುತ್ತದೆ. ಕಡಲು ಮುಟ್ಟುವುದು ಮಾತ್ರ 90 ಕೋಟಿ ಟನ್. ಉಳಿದದ್ದು ದಾರಿಯಲ್ಲೇ ಗಾಳಿಗೆ ಹೋಗುತ್ತದೆ, ಇಲ್ಲವೇ ಹೂಳಿನಲ್ಲಿ ಸೇರಿಕೊಳ್ಳುತ್ತದೆ. ನಮ್ಮ ವರದೆಯೂ ಆ ದಾರಿಯೇ ಅಲ್ಲವೇ?

ಮೊದಲು ಹಿಡಿದದ್ದು ಸುಲಭದ ಪರೀಕ್ಷೆ. ನದಿಯ ನೀರಿನಲ್ಲಿರುವ ಇಂಗಾಲದ ದೊಡ್ಡ ಪಾಲು ಬೈಕಾರ್ಬೊನೇಟ್ ರೂಪದಲ್ಲಿರುತ್ತದೆ. 100 ಮಿಲಿಲೀಟರ್ ನೀರಿಗೆ ಮಿಥೈಲ್ ಆರೆಂಜ್ ಹಾಕಿ, ಹಳದಿ ಬಣ್ಣ ಕಿತ್ತಳೆಗೆ ತಿರುಗುವವರೆಗೆ ಬ್ಯುರೆಟ್ಟಿನಿಂದ ಸಾರರಿಕ್ತ ಸಲ್ಫ್ಯೂರಿಕ್ ಆಮ್ಲ ಬಿಟ್ಟರೆ ಕ್ಷಾರೀಯತೆ, ಅಂದರೆ ಆಮ್ಲವನ್ನು ತಟಸ್ಥಗೊಳಿಸುವ ನೀರಿನ ಶಕ್ತಿ, ತಿಳಿಯುತ್ತದೆ. ಅದು ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ ಲೀಟರಿಗೆ 100 ಮಿಲಿಗ್ರಾಂ ಬಂದರೆ ಅದರಲ್ಲಿ ಇಂಗಾಲ ಸುಮಾರು 24 ಮಿಲಿಗ್ರಾಂ. ಬೇಸಿಗೆಯಲ್ಲಿ ಆಮ್ಲ ಹೆಚ್ಚು ಬೇಕಾಗುತ್ತದೆ, ಏಕೆಂದರೆ ಆಗ ನದಿಯನ್ನು ಜೀವಂತವಾಗಿಡುವುದು ಸುಣ್ಣಕಲ್ಲಿನ ಹರಳುಗಳಿರುವ ಎರೆನೆಲದಿಂದ ಒಸರುವ ಅಂತರ್ಜಲ.

ಬಾಟಲಿಯನ್ನು ನೀರಿನೊಳಗೇ ಮುಳುಗಿಸಿ, ಒಂದು ಗುಳ್ಳೆಯೂ ಉಳಿಯದಂತೆ ತುಂಬಿ ಮುಚ್ಚಬೇಕು. ನೀರು ಎಷ್ಟು ಆಮ್ಲೀಯ, ಎಷ್ಟು ಕ್ಷಾರೀಯ ಎಂದು ಹೇಳುವ ಪಿಎಚ್ ಅನ್ನು ದಡದಲ್ಲೇ ನೋಡಬೇಕು. ಕಾಲೇಜಿಗೆ ತರುವಷ್ಟರಲ್ಲಿ ಇಂಗಾಲದ ಡೈಆಕ್ಸೈಡ್ ಹಾರಿಹೋಗಿ ಪಿಎಚ್ ಏರಿರುತ್ತದೆ. ಹೊತ್ತಿನ ಮಾತು ಇನ್ನೂ ಮುಖ್ಯ. ಏಪ್ರಿಲ್‌ನಲ್ಲಿ ನದಿ ಮಡುಗಳಾಗಿ ಒಡೆದಾಗ ಪಾಚಿ ಕಟ್ಟಿದ ಮಡುವೊಂದರ ನೀರಿಗೆ ಬೆಳಕು ಹರಿಯುವ ಮೊದಲು, ಪಿಎಚ್ ಏರಿದಾಗ ಗುಲಾಬಿಯಾಗುವ ಫಿನಾಫ್ಥಲೀನ್ ಹಾಕಿದರೆ ಬಣ್ಣವೇ ಬರುವುದಿಲ್ಲ. ಅದೇ ಮಡು, ಮಧ್ಯಾಹ್ನ ಮೂರು ಗಂಟೆ: ತಿಳಿಗುಲಾಬಿ. ಬಿಸಿಲಿನಲ್ಲಿ ಪಾಚಿ ಡೈಆಕ್ಸೈಡನ್ನು ಹೀರಿಕೊಂಡಿರುತ್ತದೆ, ರಾತ್ರಿಯ ಉಸಿರಾಟದಲ್ಲಿ ಅದನ್ನು ಮರಳಿ ನೀರಿಗೆ ಬಿಟ್ಟಿರುತ್ತದೆ. ಹಗಲಿನ ಮಾದರಿಯನ್ನಷ್ಟೇ ನಂಬಿ ನದಿ ಗಾಳಿಗೆ ಬಿಡುವ ಇಂಗಾಲವನ್ನು ಹೇಳುವವರ ಮೇಲೆ ನನಗೆ ಭರವಸೆ ಇಲ್ಲ.

ಮುಂಗಾರು ಬಂದಾಗ ಲೆಕ್ಕವೇ ಬೇರೆ. ಮೃಗಶಿರಾ ಮಳೆಗೆ ಸುತ್ತಲಿನ ಎರೆಹೊಲಗಳಿಂದ ಕಪ್ಪು ರಾಡಿ ಇಳಿಯುತ್ತದೆ. ಪುನರ್ವಸು, ಪುಷ್ಯದ ಹೊತ್ತಿಗೆ ಸಾಗರ, ಸೊರಬದ ಕಡೆಯ ಕೆಂಪು ನೀರು ಬರುತ್ತದೆ. ಹೊಸನೀರಿನ ಮಾದರಿಯನ್ನು ಸೇತುವೆಯ ಮೇಲಿಂದ ಹಗ್ಗ ಕಟ್ಟಿದ ಬಕೆಟ್ಟಿನಲ್ಲೇ ಎತ್ತುತ್ತೇನೆ. ಪ್ರವಾಹದಲ್ಲಿ ದಡಕ್ಕಿಳಿಯಲು ವಿದ್ಯಾರ್ಥಿಗಳಿಗೆ ಬಿಡುವುದಿಲ್ಲ. ಗಾಜಿನ ನಾರಿನ ಶೋಧಕವನ್ನು ಮೊದಲೇ ಕುಲುಮೆಯಲ್ಲಿ ಕಾಯಿಸಿ ಅದರಲ್ಲಿರಬಹುದಾದ ಇಂಗಾಲವನ್ನು ತೆಗೆದು, ನಂತರ ನೀರು ಸೋಸುತ್ತೇನೆ. ಹೂಳನ್ನು ಒಣಗಿಸಿ, ತೂಗಿ, 550 ಡಿಗ್ರಿಯಲ್ಲಿ ಸುಟ್ಟು ಮತ್ತೆ ತೂಗಿದರೆ ಸಾವಯವ ಅಂಶದ ಅಂದಾಜು ಸಿಗುತ್ತದೆ. ಎರೆಮಣ್ಣಿನ ಜೇಡಿಯೊಳಗೆ ಹುದುಗಿದ ನೀರೂ ಸುಡುವಾಗ ಹೊರಡುವುದರಿಂದ ಈ ಅಂದಾಜು ಹೆಚ್ಚಾಗಿಯೇ ಬರುತ್ತದೆ. ಅದನ್ನು ನೆನಪಿಟ್ಟುಕೊಂಡೇ ಬರೆದಿಡುತ್ತೇನೆ.

ಸಾಂದ್ರತೆಯನ್ನು ಹರಿವಿನಿಂದ ಗುಣಿಸಿದರೆ ಮಾತ್ರ ಸಾಗಿದ ಇಂಗಾಲ ಎಷ್ಟೆಂದು ತಿಳಿಯುತ್ತದೆ. ವರದೆಯ ಹರಿವನ್ನು ಮರೋಳದಲ್ಲಿ ಕೇಂದ್ರ ಜಲ ಆಯೋಗ ಅಳೆಯುತ್ತದೆ. ಗುಣಿಸಿ ನೋಡಿದಾಗ ಮಳೆಗಾಲದ ಮುಂದೆ ಬೇಸಿಗೆಯ ಮೊತ್ತ ಲೆಕ್ಕಕ್ಕೇ ಬರುವುದಿಲ್ಲ. ಗಳಗನಾಥದಲ್ಲಿ ತುಂಗಭದ್ರೆಯನ್ನು ಕೂಡಿದ ಮೇಲೆ ಈ ಹೂಳಿನ ಬಹುಪಾಲು ಹೊಸಪೇಟೆಯ ಜಲಾಶಯದಲ್ಲಿ ನಿಲ್ಲುತ್ತದೆ. 133 ಟಿಎಂಸಿ ಇದ್ದ ಅದರ ಸಾಮರ್ಥ್ಯ ಈಗ ಸುಮಾರು 105ಕ್ಕೆ ಇಳಿದಿದೆ. ಅಲ್ಲಿ ತಳ ಸೇರಿದ ಇಂಗಾಲದಲ್ಲಿ ಒಂದಿಷ್ಟು ಹಾಗೆಯೇ ಹೂತುಹೋಗುತ್ತದೆ. ಆಮ್ಲಜನಕ ಸಿಗದ ಕಡೆ ಒಂದಿಷ್ಟು ಮೀಥೇನ್ ಆಗಿ ಏಳುತ್ತದೆ.

ಕಳೆದ ಹೊಸನೀರಿನ ಶೋಧಕವನ್ನು ದಡದ ರೈತರೊಬ್ಬರಿಗೆ ತೋರಿಸಿದೆ. ಕಪ್ಪು ಪದರವನ್ನು ಉಗುರಿನಿಂದ ಕೆರೆದು ನೋಡಿ, "ಸರ್, ಇದು ನಾನು ಹಾಕಿದ ಗೊಬ್ಬರವೇ ಅಲ್ಲವೇ?" ಎಂದು ಕೇಳಿದರು. ಅವರ ಮಣ್ಣಿನ ಆರೋಗ್ಯ ಚೀಟಿಯಲ್ಲಿ ಸಾವಯವ ಇಂಗಾಲ ಶೇ. 0.5ಕ್ಕಿಂತ ಕಡಿಮೆ ಇತ್ತು, ಅಂದರೆ 'ಕಡಿಮೆ' ವರ್ಗ. ಈ ಸಲ ಗೋವಿನಜೋಳದ ದಂಟನ್ನು ಅರ್ಧ ಹೊಲದಲ್ಲಿ ಹಾಗೆಯೇ ಬಿಟ್ಟು, ಉಳಿದರ್ಧವನ್ನು ಎಂದಿನಂತೆ ಹರಗುತ್ತೇನೆ ಎಂದಿದ್ದಾರೆ. ಹರಿದು ಬರುವ ನೀರನ್ನು ಹಿಡಿಯಲು ಎರಡರ ಕೆಳಬದುವಿನಲ್ಲೂ ಒಂದೊಂದು ಬಾಟಲಿ ಹೂಳುವುದು ನನ್ನ ಪಾಲಿನ ಕೆಲಸ.