ಬಂಪರ್ ಗೀರಿಗೆ ಕ್ಲೇಮು: ಫಾರಂಗೆ ಸಹಿ ಹಾಕುವ ಮುನ್ನ

ಮಂಡಿಪೇಟೆಯ ಇಕ್ಕಟ್ಟಿನಲ್ಲಿ ಲಗೇಜ್ ಆಟೊ ಉಜ್ಜಿಕೊಂಡು ಹೋಗುತ್ತದೆ, ಎಪಿಎಂಸಿ ಹತ್ತಿರ ಮೆಕ್ಕೆಜೋಳದ ಟ್ರ್ಯಾಕ್ಟರ್ ಬಂಪರಿಗೆ ತಾಗುತ್ತದೆ. ದಾವಣಗೆರೆಯಲ್ಲಿ ಕಾರು ಇಟ್ಟವರಿಗೆ ಇದೇನೂ ಹೊಸದಲ್ಲ. ಗ್ಯಾರೇಜಿಗೆ ಹೋದರೆ ‘ಹೆಂಗೂ ಇನ್ಶೂರೆನ್ಸ್ ಐತಲ್ರೀ, ಹಾಕಿಬಿಡ್ರಿ’ ಅನ್ನುತ್ತಾರೆ. ಹಾಕುವ ಮುನ್ನ ಪಾಲಿಸಿ ಪ್ರತಿ, ಪೆನ್ನು ಹಿಡಿದು ಕೂರಿ.

ಯಾರಿಗಾದರೂ ಪೆಟ್ಟಾಗಿದ್ದರೆ ಮಾತ್ರ ಈ ಲೆಕ್ಕವೇ ಬೇಡ. ಕೂಡಲೇ ಪೊಲೀಸರಿಗೂ ವಿಮಾ ಕಂಪನಿಗೂ ತಿಳಿಸಿ. ಅಲ್ಲಲ್ಲೇ ದುಡ್ಡು ಕೊಟ್ಟು ರಾಜಿಯಾದ ಪ್ರಕರಣ ಮುಂದೆ ಕೋರ್ಟಿಗೆ ಬಂದರೆ ತೊಂದರೆ ನಿಮಗೇ.

ಹಾನಿ ನಿಮ್ಮ ಕಾರಿಗಷ್ಟೇ ಆಗಿದ್ದರೆ ಜಾಗದಲ್ಲೇ ಫೋಟೊ ತೆಗೆಯಿರಿ. ಬಂಪರ್ ಬಿಚ್ಚಿಸಿ ಒಳಗೂ ನೋಡಿಸಿ. ಮೇಲೆ ಬರೀ ಗೀರು ಕಂಡರೂ ರೇಡಿಯೇಟರ್, ಸೆನ್ಸರ್, ಹೆಡ್‌ಲೈಟ್ ಕ್ಲಿಪ್ಪು ಮುರಿದಿದ್ದರೆ ಬಿಲ್ಲಿನ ಗಾತ್ರವೇ ಬದಲಾಗುತ್ತದೆ. ಆಮೇಲೆ ಬಿಡಿಭಾಗ, ಪೇಂಟ್, ಕೂಲಿ ಬೇರೆ ಬೇರೆಯಾಗಿ ಬರೆದ ಅಂದಾಜುಪಟ್ಟಿ ಕೇಳಿ. ಕಂಪನಿಯ ಸರ್ವಿಸ್ ಸೆಂಟರಿನಿಂದ ಒಂದು, ಪರಿಚಯದ ಗ್ಯಾರೇಜಿನಿಂದ ಇನ್ನೊಂದು ಇದ್ದರೆ ಒಳ್ಳೆಯದು. ತಡ ಮಾಡಬೇಡಿ, ಕ್ಲೇಮು ಹಾಕುವುದಾದರೆ ಕಂಪನಿಗೆ ಬೇಗ ತಿಳಿಸಬೇಕು.

ಇನ್ನು ಕೈಗೆ ಬರುವುದೆಷ್ಟು ನೋಡೋಣ. ಬಿಲ್ಲು 9,000 ರೂಪಾಯಿ ಅಂದುಕೊಳ್ಳಿ: ಬಂಪರ್ 4,000, ಪೇಂಟ್ 3,000, ಕೂಲಿ 2,000. ಸಾಮಾನ್ಯ ಪಾಲಿಸಿಯಲ್ಲಿ ಪ್ಲಾಸ್ಟಿಕ್, ರಬ್ಬರ್ ಭಾಗಗಳಿಗೆ ಶೇ 50 ಸವಕಳಿ (ಭಾಗ ಹಳೆಯದಾದ್ದಕ್ಕೆ ಬೆಲೆಯಲ್ಲಿ ಮಾಡುವ ಕಡಿತ), ಅಂದರೆ 2,000 ಹೋಯಿತು. ಪೇಂಟಿನ ಬಿಲ್ಲಿನಲ್ಲಿ ಶೇ 25ನ್ನು ಬಣ್ಣದ ಬೆಲೆ ಎಂದು ಹಿಡಿದು ಅದರಲ್ಲಿ ಅರ್ಧ ಕಡಿತ, 375. ಜೊತೆಗೆ 1500 ಸಿಸಿವರೆಗಿನ ಕಾರಿಗೆ 1,000 ರೂಪಾಯಿ ಕಡ್ಡಾಯವಾಗಿ ನೀವೇ ಭರಿಸಬೇಕು (ಅದಕ್ಕಿಂತ ದೊಡ್ಡ ಎಂಜಿನ್ನಿಗೆ 2,000). ಉಳಿಯುವುದು 5,625.

ಜನ ಮರೆಯುವುದು ಮುಂದಿನ ಲೆಕ್ಕವನ್ನು. ಕ್ಲೇಮಿಲ್ಲದ ವರ್ಷಗಳಿಗೆ ಸಿಗುವ ಎನ್‌ಸಿಬಿ (ನೋ ಕ್ಲೇಮ್ ಬೋನಸ್) ರಿಯಾಯಿತಿ ಶೇ 20, 25, 35, 45, ಕೊನೆಗೆ 50ಕ್ಕೆ ಏರುತ್ತದೆ. ಒಂದೇ ಕ್ಲೇಮಿಗೆ ಸೊನ್ನೆಗಿಳಿಯುತ್ತದೆ. ಇದು ಥರ್ಡ್ ಪಾರ್ಟಿ (ಬೇರೆಯವರಿಗಾದ ಹಾನಿಯ) ಪ್ರೀಮಿಯಮ್ಮಿಗಲ್ಲ, ಸ್ವಂತ ಹಾನಿಯ ಪ್ರೀಮಿಯಮ್ಮಿಗೆ ಮಾತ್ರ. ಅದು ರಿಯಾಯಿತಿಗೆ ಮೊದಲು 8,000 ಇದ್ದು, ಈಗ ನಿಮಗೆ ಶೇ 35 ಸಿಗುತ್ತಿದೆ ಎನ್ನೋಣ. ಕ್ಲೇಮು ಹಾಕದಿದ್ದರೆ ಮುಂದೆ 45, ಆಮೇಲೆ 50. ಹಾಕಿದರೆ ಸೊನ್ನೆ, ಆಮೇಲೆ 20. ಪ್ರೀಮಿಯಂ ಅಷ್ಟೇ ಇದ್ದರೆ ಎರಡೇ ವರ್ಷದಲ್ಲಿ 3,600, 2,400 ಸೇರಿ 6,000 ಕಳೆದುಕೊಳ್ಳುತ್ತೀರಿ. ಮೂರನೇ ವರ್ಷವೂ ನಷ್ಟ ನಿಲ್ಲುವುದಿಲ್ಲ, ಆಗ 50ರ ಬದಲು 25. ಕಾರು ಹಳೆಯದಾದಂತೆ ಪ್ರೀಮಿಯಂ ಒಂದಿಷ್ಟು ಇಳಿಯುತ್ತದೆ ನಿಜ, ಆದರೂ ಈ ಗೀರಿಗೆ ಕೈಯಿಂದ ದುಡ್ಡು ಹಾಕುವುದೇ ಲೇಸು ಎಂಬುದು ನನ್ನ ಖಚಿತ ಅಭಿಪ್ರಾಯ.

ಝೀರೋ ಡೆಪ್ ಎಂಬ ಹೆಚ್ಚುವರಿ ರಕ್ಷಣೆ ಕೊಂಡವರಿಗೆ ಸವಕಳಿ ಕಡಿತವಿಲ್ಲ, ಆದರೆ ಎನ್‌ಸಿಬಿ ಹೋಗುವುದು ತಪ್ಪದು. ಕ್ಲೇಮು ಹಾಕಿದರೂ ರಿಯಾಯಿತಿ ಉಳಿಸುವ ಎನ್‌ಸಿಬಿ ರಕ್ಷಣೆಯನ್ನೂ ಕೊಂಡಿದ್ದರೆ ಅದರ ಷರತ್ತು ಓದಿ ಧೈರ್ಯವಾಗಿ ಹಾಕಿ. ಹೆದ್ದಾರಿಯಲ್ಲಿ ಲಾರಿ ಚಕ್ರದ ಕಲ್ಲು ಸಿಡಿದು ಗಾಜು ಒಡೆದರೆ, ಗಾಜಿಗೆ ಸವಕಳಿ ಇಲ್ಲ ಎಂಬುದು ನೆನಪಿರಲಿ.

ಹಳೆಯ ಗೀರುಗಳನ್ನೆಲ್ಲ ಒಂದೇ ಕ್ಲೇಮಿಗೆ ಸೇರಿಸೋಣ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಪ್ರತಿ ಘಟನೆಗೂ ಬೇರೆಯೇ ಕ್ಲೇಮು. ಸುಳ್ಳು ವಿವರ ಬರೆದರೆ ಇಡೀ ಕ್ಲೇಮು ತಿರಸ್ಕೃತವಾದೀತು.

ಕಾರು ಮಾರುವ ಯೋಚನೆ ಇದ್ದವರು ಇನ್ನೂ ಹುಷಾರಾಗಿರಬೇಕು. ಎನ್‌ಸಿಬಿ ಕಾರಿನದ್ದಲ್ಲ, ಮಾಲೀಕರದ್ದು. ಮಾರುವಾಗ ಕಂಪನಿಯಿಂದ ಅದರ ಪತ್ರ ಪಡೆದರೆ ಮೂರು ವರ್ಷದೊಳಗೆ ಹೊಸ ಕಾರಿಗೆ ಬಳಸಬಹುದು. ಹೊಸ ಕಾರಿನ ಪ್ರೀಮಿಯಂ ದೊಡ್ಡದಾದ್ದರಿಂದ ಅದೇ ಶೇ 50ಕ್ಕೆ ಅಲ್ಲಿ ಹೆಚ್ಚು ರೂಪಾಯಿ ಉಳಿಯುತ್ತದೆ.