ಇಂಗ್ಲೆಂಡಿನ ಹಳೇ ಬಾರ್ನ್ ನೋಡುವುದು ಹೇಗೆ

ಶಿರಸಿ ಕಡೆಯ ಎಷ್ಟೋ ಮಕ್ಕಳು ಈಗ ಇಂಗ್ಲೆಂಡಿನಲ್ಲಿದ್ದಾರೆ. ಅವರನ್ನು ನೋಡಲು ಹೋದಾಗ ಒಂದು ಹಳೇ ಬಾರ್ನ್ ನೋಡಿ ಬನ್ನಿ, ಅಂದರೆ ತೆನೆ ಒಕ್ಕುವ, ಕಾಳು-ಹುಲ್ಲು ಕೂಡಿಡುವ ಕಟ್ಟಡ. ಹೀಥ್ರೂ ವಿಮಾನ ನಿಲ್ದಾಣದ ಹತ್ತಿರವೇ ಹಾರ್ಮಂಡ್ಸ್‌ವರ್ತ್ ಬಾರ್ನ್ ಇದೆ. 1426ರ ಸುಮಾರಿಗೆ ಕಟ್ಟಿದ್ದು, ಉದ್ದ ಸುಮಾರು 58 ಮೀಟರ್, ಕಂಬಗಳೆಲ್ಲ ಓಕ್ ಮರದ್ದು.

ಒಳಗೆ ಹೋದವರು ಮೊದಲು ಅಂಕಣ ಎಣಿಸಿ. ನಮ್ಮ ಹಳೇ ಮನೆಗಳ ಹಾಗೇ ಅಲ್ಲೂ ಕಂಬಗಳ ನಡುವಿನ ಜಾಗವೇ ಲೆಕ್ಕ, ಹಾರ್ಮಂಡ್ಸ್‌ವರ್ತ್ ಬಾರ್ನ್‌ನಲ್ಲಿ 12 ಇವೆ. ಆಮೇಲೆ ಬಾಗಿಲು. ತುಂಬ ಬಾರ್ನ್‌ಗಳಲ್ಲಿ ಎದುರುಬದುರು ದೊಡ್ಡ ಬಾಗಿಲುಗಳಿರುತ್ತವೆ, ನಡುವಿನ ನೆಲವೇ ಕಣ. ಚಳಿಗಾಲದಲ್ಲಿ ಒಳಗೇ ತೆನೆ ಬಡಿದು, ಎರಡೂ ಬಾಗಿಲು ತೆರೆದು, ಆ ಗಾಳಿಗೆ ಕಾಳು ತೂರುತ್ತಿದ್ದರು. ನಮಗೆ ಸುಗ್ಗಿ ಹೊತ್ತಿಗೆ ಬಿಸಿಲಿನ ಅಂಗಳ ಸಿಗುತ್ತದೆ. ಅವರಿಗೆ ಕಣಕ್ಕೂ ಮಾಡು ಬೇಕಾಯ್ತು, ಅಲ್ವಾ!

ಟಾರ್ಚ್ ಇದ್ದರೆ ಕಂಬ-ತೊಲೆ ಸೇರುವಲ್ಲಿ ಬೆಳಕು ಬಿಡಿ. ರೋಮನ್ ಅಂಕಿಯಂಥ ಗೀರು ಕಂಡರೆ ಅದು ಬಡಗಿಯ ಗುರುತು. ಮರ ಕೆಳಗೇ ಕೆತ್ತಿ, ನಂಬರ್ ಹಾಕಿ, ಆಮೇಲೆ ನಿಲ್ಲಿಸುತ್ತಿದ್ದರು. ಇದು ನನಗೆ ತುಂಬ ಇಷ್ಟ. ಸುಮ್ನೆ ಖಾಲಿ ಉಳಿದ ತೂತು ಕಂಡರೆ, ಆ ಮರ ಬೇರೆ ಕಟ್ಟಡದಿಂದ ಬಂದಿರಬಹುದು, ಇಲ್ಲವೇ ಅಲ್ಲಿದ್ದ ತುಂಡು ಹೋಗಿರಬಹುದು.

ಹೊರಗೆ ಅಣಬೆಯಾಕಾರದ ಕಲ್ಲುಗಳ ಮೇಲೆ ಚಿಕ್ಕ ಮನೆ ನಿಂತಿದ್ದರೆ ಅದು ಕಣಜ. ಇಲಿ ಕಾಲುಕಲ್ಲು ಹತ್ತಿದರೂ ಮೇಲಿನ ಟೋಪಿ ದಾಟಲಾರದು.