ತಣ್ಣಗಿನ ಗೇರ್ ಮೇಲೆ ಆರ್ಕ್ ಹೊತ್ತಿಕೊಂಡಾಗ

ಬೆಂಗಳೂರಿನ ಪೀಣ್ಯದ ಒಂದು ಹೀಟ್ ಟ್ರೀಟ್‌ಮೆಂಟ್ ಶೆಡ್‌ನಲ್ಲಿ ನಾನು ಪ್ಲಾಸ್ಮಾ ನೈಟ್ರೈಡಿಂಗ್ ಫರ್ನೇಸ್ ನೋಡಿಕೊಳ್ಳುತ್ತೇನೆ. ಗೇರ್, ಶಾಫ್ಟ್, ಡೈಗಳನ್ನು ಚೇಂಬರ್ ಒಳಗಿಟ್ಟು ಪಂಪ್‌ನಿಂದ ಗಾಳಿ ಎಳೆಯುತ್ತೇವೆ. ಸ್ವಲ್ಪ ನೈಟ್ರೋಜನ್, ಹೈಡ್ರೋಜನ್ ಬಿಟ್ಟು ಜಾಬಿಗೆ, ಅಂದರೆ ಒಳಗಿಟ್ಟ ಆ ಭಾಗಗಳಿಗೆ, ನೆಗೆಟಿವ್ ವೋಲ್ಟೇಜ್ ಕೊಡುತ್ತೇವೆ. ಎಲ್ಲ ಸರಿಯಿದ್ದರೆ ಜಾಬಿನ ಮೈಗೆ ನೇರಳೆ ಬೆಳಕು ಹೊದಿಸಿದ ಹಾಗೆ ಕಾಣುತ್ತದೆ. ಅದೇ ಗ್ಲೋ. 520 ಡಿಗ್ರಿಯಲ್ಲಿ ಗಂಟೆಗಟ್ಟಲೆ ಇಟ್ಟರೆ ಉಕ್ಕಿನ ಮೇಲ್ಮೈ ಗಟ್ಟಿಯಾಗುತ್ತದೆ.

ಕಷ್ಟ ಇರುವುದು ಶುರುವಿನಲ್ಲೇ, ಜಾಬ್ ಇನ್ನೂ ತಣ್ಣಗಿರುವಾಗ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಇಎನ್ 19 ಅನ್ನುವ ಉಕ್ಕಿನ ಗೇರ್‌ಗಳ ಒಂದು ಲೋಡ್ ಹಾಕಿದ್ದೆ. ಸೀಮೆಎಣ್ಣೆಯಲ್ಲಿ ತೊಳೆದು ಬಟ್ಟೆಯಲ್ಲಿ ಒರೆಸಿದ್ದೆ, ಅಷ್ಟೆ. 500 ವೋಲ್ಟ್ ಹತ್ತಿರ ಬಂದಾಗ ಗಾಜಿನ ಕಿಟಕಿಯಲ್ಲಿ ಬಿಳಿ ಕಿಡಿಗಳು ಕುಣಿಯತೊಡಗಿದವು. ಅದೇ ಆರ್ಕ್. ಮೀಟರ್‌ನಲ್ಲಿ ವೋಲ್ಟೇಜ್ ಧಡ್ ಅಂತ ಬೀಳುವುದು, ಕರೆಂಟ್ ಜಿಗಿಯುವುದು, ಸಪ್ಲೈ ಟ್ರಿಪ್ ಆಗುವುದು. ನಾನು ಮತ್ತೆ ಮತ್ತೆ ಆನ್ ಮಾಡಿ ವೋಲ್ಟೇಜ್ ಏರಿಸುತ್ತಲೇ ಇದ್ದೆ. ಹಿರಿಯ ಆಪರೇಟರ್ ಬಂದು, "ನಾಬ್ ಬಿಡಪ್ಪ, ಮೊದಲು ಜಾಬ್ ನೋಡು" ಅಂದರು. ಆಗಲೇ ತಡವಾಗಿತ್ತು. ಗೇರ್‌ಗಳ ಮೈಮೇಲೆ ಸೂಜಿಯಲ್ಲಿ ಚುಚ್ಚಿದಂಥ ಸುಟ್ಟ ಗುಳಿಗಳು. ಹನ್ನೊಂದು ಗೇರ್ ರಿಜೆಕ್ಟ್ ಆದವು. ಆ ಬೇಜಾರು ನನ್ನನ್ನು ಓದಲು ಕೂರಿಸಿತು.

ಗ್ಲೋದಲ್ಲಿ ತಣ್ಣಗಿನ ಲೋಹ ತಾನಾಗಿ ಎಲೆಕ್ಟ್ರಾನ್ ಬಿಡುವುದಿಲ್ಲ. ಗ್ಯಾಸಿನ ಅಯಾನುಗಳು, ಅಂದರೆ ಚಾರ್ಜ್ ಆದ ಕಣಗಳು, ಬಂದು ಗುದ್ದಬೇಕು. ಹತ್ತು ಅಯಾನು ಗುದ್ದಿದರೆ ಹೆಚ್ಚುಕಡಿಮೆ ಒಂದು ಎಲೆಕ್ಟ್ರಾನ್ ಹೊರಗೆ ಬರುತ್ತದೆ. ಅದಕ್ಕೇ ನೂರಾರು ವೋಲ್ಟ್ ಬೇಕು. ಆರ್ಕ್‌ಗೆ 20-30 ವೋಲ್ಟ್ ಸಾಕು. ಮೈಯೆಲ್ಲ ಹರಡಿದ್ದ ಕರೆಂಟ್ ಕಣ್ಣಿಗೆ ಕಾಣದಷ್ಟು ಸಣ್ಣ ಚುಕ್ಕೆಯಲ್ಲಿ ನುಗ್ಗುತ್ತದೆ. ಅಲ್ಲಿ ಲೋಹ ಕುದಿದು ಆವಿಯಾಗುತ್ತದೆ, ಆ ಆವಿಯೇ ಆರ್ಕ್‌ಗೆ ದಾರಿ ಮಾಡಿಕೊಡುತ್ತದೆ.

ಆ ಚುಕ್ಕೆ ಹುಟ್ಟುವುದು ಹೇಗೆ? ಇದು ನನ್ನನ್ನು ಬಹಳ ದಿನ ಕಾಡಿತು. ಜಾಬಿನ ಮುಂದಿರುವ ಒಂದೆರಡು ಮಿಲಿಮೀಟರ್ ಜಾಗದಲ್ಲಿ 500 ವೋಲ್ಟ್ ಅಂದರೆ, ಮೀಟರಿಗೆ ಕೆಲವು ಲಕ್ಷ ವೋಲ್ಟ್. ತಣ್ಣಗಿನ ಲೋಹದಿಂದ ಎಲೆಕ್ಟ್ರಾನ್ ಕಿತ್ತು ತೆಗೆಯಲು ಮೀಟರಿಗೆ 100 ಕೋಟಿ ವೋಲ್ಟ್ ಆಸುಪಾಸು ಬೇಕು. ಸಾವಿರಾರು ಪಟ್ಟು ಕಮ್ಮಿ ಆಯಿತು, ಅಲ್ವಾ?

ಉತ್ತರ ಕೊಳೆಯಲ್ಲಿತ್ತು. ಎಣ್ಣೆಯ ಕಲೆ, ತುಕ್ಕಿನ ಪದರ ಇವಕ್ಕೆ ಕರೆಂಟ್ ಹರಿಯುವುದಿಲ್ಲ. ಪಾಸಿಟಿವ್ ಅಯಾನುಗಳು ಬಂದು ಅದರ ಮೇಲೆ ಕೂರುತ್ತವೆ, ಕೆಳಗೆ ನೆಗೆಟಿವ್ ಲೋಹ. ಪದರದ ದಪ್ಪ ಮೈಕ್ರಾನ್‌ನ ಹತ್ತನೇ ಒಂದು ಭಾಗ ಇದ್ದು, ಅದರ ಮೇಲೆ 50 ವೋಲ್ಟ್ ಸೇರಿದರೆ ಮೀಟರಿಗೆ 50 ಕೋಟಿ ವೋಲ್ಟ್ ಆಗುತ್ತದೆ! ಪದರ ತಡೆಯಲಾರದೆ ಸಿಡಿಯುತ್ತದೆ. ಅಡಿಯಲ್ಲಿದ್ದ ಲೋಹದ ಸಣ್ಣ ಮೊನೆ ಕ್ಷಣದಲ್ಲಿ ಕಾದು ಸ್ಫೋಟವಾಗುತ್ತದೆ. ರಷ್ಯಾದ ಭೌತವಿಜ್ಞಾನಿ ಗೆನ್ನಡಿ ಮೆಸ್ಯಾಟ್ಸ್ ಜೀವನಪೂರ್ತಿ ಕೆಲಸ ಮಾಡಿದ್ದು ಇಂಥ ಸೂಕ್ಷ್ಮ ಸ್ಫೋಟಗಳ ಮೇಲೆ. ಅವರ ಬಗ್ಗೆ ಓದಿದ ರಾತ್ರಿ ನನ್ನ ಗೇರಿನ ಗುಳಿಗಳನ್ನು ಲೆನ್ಸ್ ಹಿಡಿದು ಮತ್ತೆ ನೋಡಿದೆ. ಹೆಚ್ಚಿನವು ಎಂ6 (6 ಮಿಲಿಮೀಟರ್ ಸ್ಕ್ರೂ) ತೂತುಗಳ ಬಾಯಲ್ಲೇ ಇದ್ದವು. ಒಳಗೆ ಉಳಿದಿದ್ದ ಕಟಿಂಗ್ ಆಯಿಲ್ ಬಿಸಿಗೆ ಹೊರಗೆ ಬಂದಿತ್ತು.

ಈಗ ನನ್ನ ಅರ್ಧ ಕೆಲಸ ತೊಳೆಯುವ ತೊಟ್ಟಿಯಲ್ಲೇ ಮುಗಿಯುತ್ತದೆ. ಸೀಮೆಎಣ್ಣೆ ಆದಮೇಲೆ ಬಿಸಿ ಕ್ಷಾರದ ನೀರು, ಆಮೇಲೆ ಶುದ್ಧ ನೀರು. ಪ್ರತಿ ತೂತಿಗೂ ಕಂಪ್ರೆಸರ್ ಗಾಳಿ. ಒಣಗಿದ ಮೇಲೆ ಬರಿಗೈಯಲ್ಲಿ ಮುಟ್ಟುವುದಿಲ್ಲ. ಬೇಡದ ತೂತುಗಳಿಗೆ ಸ್ಕ್ರೂ ಹಾಕಿ ಮುಚ್ಚುತ್ತೇನೆ.

ಇಷ್ಟಾದರೂ ಒಂದು ಸಲ ಕಿಡಿ ನಿಲ್ಲಲಿಲ್ಲ. ಜಾಬ್ ಚೆನ್ನಾಗಿಯೇ ಇತ್ತು. ಕಿಟಕಿಗೆ ಕಣ್ಣಿಟ್ಟು ಕೂತೆ. ಎಲ್ಲ ಕಿಡಿಯೂ ಬುಡದಿಂದಲೇ ಬರುತ್ತಿತ್ತು. ಜಾಬ್ ಹೊತ್ತ ಸೆರಾಮಿಕ್ ಕಾಲುಗಳ ಮೇಲೆ ಹಳೆಯ ಲೋಡ್‌ಗಳ ಲೋಹದ ಪುಡಿ ಕೂತು ಕಪ್ಪಾಗಿತ್ತು. ಲೋಹ, ಸೆರಾಮಿಕ್, ಗ್ಯಾಸ್ ಮೂರೂ ಸೇರುವ ಆ ಅಂಚು ಆರ್ಕ್‌ಗೆ ಬಹಳ ಸುಲಭದ ಜಾಗ. ಕಾಲುಗಳನ್ನು ಸ್ಯಾಂಡ್ ಬ್ಲಾಸ್ಟ್ ಮಾಡಿಸಿದೆ. ಅವುಗಳ ಸುತ್ತ ಗ್ಲೋ ನುಗ್ಗದಷ್ಟು ಕಿರಿದಾದ ಸಂದು ಬಿಟ್ಟು ಲೋಹದ ಟೋಪಿ ಹಾಕಿಸಿದೆ. ನಿಂತಿತು.

ಶುರು ಮಾಡುವ ರೀತಿಯನ್ನೂ ಬದಲಾಯಿಸಿದೆ. ಮೊದಲು ಹೈಡ್ರೋಜನ್ ಜೊತೆ ಸ್ವಲ್ಪ ಆರ್ಗಾನ್, ಒತ್ತಡ 1 ಮಿಲಿಬಾರ್ ಹತ್ತಿರ. ಡಿಸಿಯನ್ನು ಪಲ್ಸ್ ಆಗಿ ಕೊಡುತ್ತೇನೆ: 50 ಮೈಕ್ರೋಸೆಕೆಂಡ್ ಆನ್, 200 ಆಫ್. ಆಫ್ ಇದ್ದಾಗ ಪದರದ ಮೇಲೆ ಸೇರಿದ ಚಾರ್ಜ್ ಇಳಿದುಹೋಗುತ್ತದೆ. ಆದರೂ ಸಣ್ಣ ಕಿಡಿಗಳು ಬರುತ್ತವೆ, ಬರಲಿ. ಸಪ್ಲೈ ಮೈಕ್ರೋಸೆಕೆಂಡ್‌ಗಳಲ್ಲಿ ಕಡಿತ ಮಾಡಿದರೆ ಅವು ಗುಳಿ ಬೀಳಿಸದೆ ಕೊಳೆಯನ್ನಷ್ಟೇ ಸುಡುತ್ತವೆ. ಈ ಹೊತ್ತಿನಲ್ಲಿ ಅವಸರ ಮಾಡಬಾರದು. ನಾನು ಆರ್ಕ್ ಕೌಂಟರ್ ಮುಂದೆ ಸ್ಟೂಲ್ ಹಾಕಿಕೊಂಡು ಕೂರುತ್ತೇನೆ. ಮೊದಲು ನಿಮಿಷಕ್ಕೆ ನೂರಾರು, ಆಮೇಲೆ ಹತ್ತಾರು. ಒಂದೆರಡಕ್ಕೆ ಇಳಿದ ಮೇಲೆ ವೋಲ್ಟೇಜ್ ಏರಿಸಿ, ನೈಟ್ರೋಜನ್ ವಾಲ್ವ್ ತೆರೆಯುತ್ತೇನೆ.